ಗುಣ, ಪ್ರಮಾಣ, ಸಾಕ್ಷಿ: ಹೆರಿಗೆ ಆಸ್ಪತ್ರೆಯನ್ನು ಅಳೆಯುವುದರ ಅರ್ಥ

ಕನ್ನಡದ ‘ಗುಣ’ ಎಂಬ ಪದದಲ್ಲಿ ವೈದ್ಯಕ್ಕೆ ಸೇರಿದ ಅರ್ಥವೂ ಲೆಕ್ಕಕ್ಕೆ ಸೇರಿದ ಅರ್ಥವೂ ಒಟ್ಟಿಗೆ ನೆಲೆಸಿವೆ. ವಸ್ತುವಿನ ಸ್ವಭಾವವೂ ಗುಣ, ಮನುಷ್ಯನ ಒಳ್ಳೆಯತನವೂ ಗುಣ, ರೋಗ ವಾಸಿಯಾದರೆ ಜನ ಹೇಳುವುದು ‘ಗುಣವಾಯಿತು’ ಎಂದೇ, ಮಕ್ಕಳು ಮಗ್ಗಿ ಒಪ್ಪಿಸಿ ಕಲಿಯುವ ಗುಣಾಕಾರವೂ ಅದೇ ಮೂಲದ್ದು. ಇದಕ್ಕೆ ಗಾರೆ ಕೆಲಸದವರು ನೆಲವೂ ಗೋಡೆಯೂ ಸಮವಾಗಿವೆಯೇ ಎಂದು ನೋಡುವ ‘ಮಟ್ಟ’ವನ್ನು ಜೋಡಿಸಿ ‘ಗುಣಮಟ್ಟ’ ಎಂಬ ಸಮಾಸವನ್ನು ಆಧುನಿಕ ಕನ್ನಡ ಕಟ್ಟಿಕೊಂಡಿದೆ. ಆಸ್ಪತ್ರೆಯ ಗುಣಮಟ್ಟವನ್ನು ಅಳೆಯಬೇಕು, ಅಳೆದದ್ದನ್ನು ಸಾರ್ವಜನಿಕರ ಮುಂದೆ ಇಡಬೇಕು ಎಂಬುದು ಇಂದು ಆಡಳಿತದ ದಿನನಿತ್ಯದ ಮಾತಾಗಿದ್ದರೂ, ಅದರೊಳಗೆ ಆಡಳಿತಕ್ಕಿಂತ ಬಹಳ ಹಳೆಯದಾದ ತಾತ್ತ್ವಿಕ ಪ್ರಶ್ನೆಯೊಂದು ಅಡಗಿದೆ. ಒಬ್ಬರ ನೋವಿನ ಬಳಿ ಇನ್ನೊಬ್ಬರು ನಿಲ್ಲುವ ರೀತಿಯೇ ಆರೈಕೆ ಎಂದಾದರೆ, ಅದನ್ನು ಅಂಕಿಗೆ ಇಳಿಸಿದಾಗ ನಮಗೆ ತಿಳಿಯುವುದು ಏನು, ಹಾಗೆ ತಿಳಿದದ್ದು ನಿಜವೆಂದು ಯಾರ ಮಾತಿನ ಮೇಲೆ ಒಪ್ಪಬೇಕು ಎಂಬುದೇ ಆ ಪ್ರಶ್ನೆ.

ಭಾರತೀಯ ವೈದ್ಯಶಾಸ್ತ್ರ ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿತ್ತು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿ, ಒಟ್ಟು ಹದಿನಾರು ಗುಣಗಳು ಕೂಡಿದಾಗ ಚಿಕಿತ್ಸೆ ಸಫಲವಾಗುತ್ತದೆ ಎನ್ನುತ್ತದೆ. ವೈದ್ಯನಿಗೆ ಶಾಸ್ತ್ರಜ್ಞಾನ, ಕಣ್ಣಾರೆ ಕಂಡು ಪಳಗಿದ ಅನುಭವ, ದಕ್ಷತೆ ಮತ್ತು ಶುಚಿತ್ವ ಬೇಕು. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವಗಳ ಜೊತೆಗೆ ರೋಗಿಯ ಮೇಲೆ ಅನುರಾಗವೂ ಬೇಕು. ರೋಗಿಗೆ ಬೇಕಾದ ಗುಣಗಳಲ್ಲಿ ತನಗೆ ಆಗುತ್ತಿರುವುದನ್ನು ತಿಳಿಯುವಂತೆ ಹೇಳಬಲ್ಲ ಶಕ್ತಿ, ಅಂದರೆ ಜ್ಞಾಪಕತ್ವ, ಒಂದು. 1966ರಲ್ಲಿ ಅವೆಡಿಸ್ ಡೊನಬೇಡಿಯನ್ ಎಂಬ ವಿದ್ವಾಂಸ ವೈದ್ಯಕೀಯ ಆರೈಕೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ಬರೆದ ಲೇಖನ ಇಂದಿಗೂ ಈ ಶಾಸ್ತ್ರದ ಅಡಿಗಲ್ಲಾಗಿದೆ. ಆಸ್ಪತ್ರೆಯಲ್ಲಿ ಏನಿದೆ, ಅಲ್ಲಿ ಏನು ಮಾಡುತ್ತಾರೆ, ಮಾಡಿದ್ದರಿಂದ ಏನಾಯಿತು ಎಂಬುದೇ ಅದರ ಸಾರ. ಚರಕನ ಪಟ್ಟಿ ಬಹುಪಾಲು ಮೊದಲ ನೆಲೆಯಲ್ಲೇ ನಿಂತರೂ ಎರಡು ವಿಷಯಗಳಲ್ಲಿ ಅದು ಇಂದಿನ ಅಂಕಪಟ್ಟಿಗಳಿಗಿಂತ ಮುಂದಿದೆ: ಪ್ರೀತಿಯನ್ನು ಅದು ದಕ್ಷತೆಯ ಸಾಲಿನಲ್ಲೇ ಕೂರಿಸಿತು, ಮತ್ತು ರೋಗಿಯ ಮಾತನ್ನು ಚಿಕಿತ್ಸೆಯ ಒಳಗಿನ ಅಂಗವಾಗಿ ಎಣಿಸಿತು.

ಈ ಪ್ರಶ್ನೆಯನ್ನು ಹೈದರಾಬಾದಿನ ಸುಲ್ತಾನ್ ಬಜಾರ್‌ನಲ್ಲಿ ನಿಂತು ಕೇಳುವುದಕ್ಕೆ ಕಾರಣಗಳಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಕೋಠಿಯಲ್ಲಿ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯ ಸುತ್ತ ಬೆಳೆದ ಪೇಟೆ ಇದು. ರೆಸಿಡೆಂಟನ ಆಡಳಿತದಲ್ಲಿದ್ದಾಗ ರೆಸಿಡೆನ್ಸಿ ಬಜಾರ್ ಎನಿಸಿಕೊಂಡಿದ್ದು, 1933ರಲ್ಲಿ ನಿಜಾಮನಿಗೆ ಮರಳಿದ ಮೇಲೆ ಸುಲ್ತಾನ್ ಬಜಾರ್ ಆಯಿತು. 1956ರವರೆಗೆ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿದ್ದುದರಿಂದ, ಕೋರ್ಟು, ಕಾಲೇಜು, ಆಸ್ಪತ್ರೆಗಳಿಗಾಗಿ ಕನ್ನಡಿಗರು ತುಳಿದ ದಾರಿಗಳು ಇದರ ಸುತ್ತಮುತ್ತಲೇ ಕೂಡುತ್ತಿದ್ದವು, ಮತ್ತು ಗಡಿಗಳು ಬದಲಾದ ಮೇಲೂ ಬೀದರ್, ಯಾದಗಿರಿ, ಕಲಬುರಗಿಗಳ ಕಡೆಯಿಂದ ಕಷ್ಟದ ರೋಗಿಗಳು ಹೈದರಾಬಾದಿಗೆ ಬರುವುದು ನಿಂತಿಲ್ಲ. ಉಸ್ಮಾನಿಯಾ ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ಕಾರಿ ಹೆರಿಗೆ ಆಸ್ಪತ್ರೆ ಬಟ್ಟೆ ಅಂಗಡಿಗಳ ಇದೇ ಪೇಟೆಯಲ್ಲಿದೆ. ಬಜಾರ್ ಮತ್ತು ಆಸ್ಪತ್ರೆ ಹೀಗೆ ಒಂದೇ ಹೆಸರನ್ನು ಹಂಚಿಕೊಂಡಿರುವುದರಿಂದ ಒಂದು ತಪ್ಪು ಹೋಲಿಕೆಯೂ ಸುಲಭವಾಗಿ ಹುಟ್ಟುತ್ತದೆ. ಬಜಾರಿನಲ್ಲಿ ತಕ್ಕಡಿ ಕೊಳ್ಳುವವನ ಕಣ್ಣೆದುರೇ ತೂಗುತ್ತದೆ, ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಬಹುದು, ಈ ಸಲ ಮೋಸವಾದರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗಬಹುದು. ಹೆರಿಗೆ ನೋವು ಎದ್ದ ಹೆಂಗಸಿಗೆ ಈ ಮೂರರಲ್ಲಿ ಒಂದೂ ದಕ್ಕುವುದಿಲ್ಲ. ಆದ್ದರಿಂದ ಆಸ್ಪತ್ರೆಯ ಅಂಕಿಗಳನ್ನು ಪ್ರಕಟಿಸುವುದು ಗಿರಾಕಿಗೆ ಬೆಲೆಪಟ್ಟಿ ತೋರಿಸಿದಂತೆ ಎಂಬ ವಾದ ಅರ್ಧಕ್ಕೇ ನಿಲ್ಲುತ್ತದೆ. ಆರಿಸಿಕೊಳ್ಳಲು ಆಗದವರಿಗಾಗಿಯೇ ಆ ಅಳತೆ ಹೆಚ್ಚು ಬೇಕಾಗಿರುವುದು.

ಅಳತೆ ಎಷ್ಟು ದೊಡ್ಡದಾದರೂ ಅದು ಜ್ಞಾನವಾಗದೆ ಹೋಗಬಹುದು ಎಂಬುದಕ್ಕೆ ಈ ರೆಸಿಡೆನ್ಸಿಯ ನೆರಳಿನಲ್ಲೇ ನಡೆದ ಒಂದು ಪ್ರಕರಣ ಸಾಕ್ಷಿಯಾಗಿದೆ. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಹೆರಿಗೆ ನೋವಿನ ಶಮನಕ್ಕೆ ಕ್ಲೋರೋಫಾರಂ ಬಳಸಿದಾಗಿನಿಂದ ಆ ಅರಿವಳಿಕೆ ಮದ್ದು ಜಗತ್ತಿನಾದ್ಯಂತ ಹರಡಿತು. ಅದರ ಜೊತೆಗೆ, ಗಟ್ಟಿಮುಟ್ಟಾದವರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಇದ್ದಕ್ಕಿದ್ದಂತೆ ಸಾಯುವ ಸುದ್ದಿಗಳೂ ಹರಡಿದವು. ಸಾವಿಗೆ ಉಸಿರು ನಿಲ್ಲುವುದು ಕಾರಣವೋ ಹೃದಯ ನಿಲ್ಲುವುದು ಕಾರಣವೋ ಎಂಬ ವಿವಾದದಲ್ಲಿ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ, ಉಸಿರನ್ನು ಕಾಯ್ದುಕೊಂಡರೆ ಕ್ಲೋರೋಫಾರಂ ನಿರಪಾಯಕಾರಿ ಎಂಬ ಪಕ್ಷ ಹಿಡಿದು, 1888ರಲ್ಲಿ ಹೈದರಾಬಾದ್ ಕ್ಲೋರೋಫಾರಂ ಆಯೋಗವನ್ನು ನಡೆಸಿದನು. ಅದರ ತೀರ್ಮಾನವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಶಂಕಿಸಿದಾಗ, ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ ಕೊಟ್ಟ ಸಾವಿರ ಪೌಂಡುಗಳ ನೆರವಿನಿಂದ ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯನನ್ನು ಕರೆಸಿ 1889ರಲ್ಲಿ ಎರಡನೆಯ ಆಯೋಗ ಕುಳಿತಿತು. ನೂರಾರು ನಾಯಿಗಳ ಮೇಲೂ ಇತರ ಪ್ರಾಣಿಗಳ ಮೇಲೂ ಪ್ರಯೋಗ ನಡೆಸಿ, ರಕ್ತದೊತ್ತಡವನ್ನು ಗೆರೆಗಳಲ್ಲಿ ಬರೆಸಿ, ಎಲ್ಲವನ್ನೂ 1890ರಲ್ಲಿ ಪ್ರಕಟಿಸಿ, ಉಸಿರೇ ಮೊದಲು ನಿಲ್ಲುತ್ತದೆ, ಹೃದಯವಲ್ಲ, ಎಂದು ಆಯೋಗ ಸಾರಿತು. ಇಷ್ಟು ದೊಡ್ಡ ಎಣಿಕೆಯ ಮುಂದೆ ಅನುಮಾನಿಸುವವರ ಬಾಯಿ ಕೆಲಕಾಲ ಕಟ್ಟಿತು. 1911ರಲ್ಲಿ ಗುಡ್‌ಮನ್ ಲೀವಿ ಎಂಬ ಸಂಶೋಧಕ ಕ್ಲೋರೋಫಾರಂ ಹೃದಯದ ಕೋಣೆಗಳನ್ನು ಲಯ ತಪ್ಪಿಸಿ ನೇರವಾಗಿಯೇ ಕೊಲ್ಲಬಲ್ಲದು, ಅದೂ ಅರಿವಳಿಕೆ ಹಗುರವಾಗಿರುವಾಗ, ಎಂದು ತೋರಿಸಿದನು. ಹೈದರಾಬಾದಿನ ಅಂಕಿಗಳು ಸುಳ್ಳಾಗಿರಲಿಲ್ಲ. ಹೆಚ್ಚು ಮದ್ದು ಕೊಟ್ಟಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಅವು ಸರಿಯಾದ ಉತ್ತರ ಕೊಟ್ಟಿದ್ದವು. ಭಯಗೊಂಡ ಒಬ್ಬ ಮನುಷ್ಯನಿಗೆ ಸ್ವಲ್ಪವೇ ಮದ್ದು ಕೊಟ್ಟಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವುಗಳಿಗೆ ಯಾರೂ ಕೇಳಿರಲಿಲ್ಲ. ಲಾರಿಯ ಶಿಷ್ಯೆಯೂ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರಲ್ಲಿ ಒಬ್ಬಳೂ ಆದ ರೂಪಾಬಾಯಿ ಫರ್ದೂನ್‌ಜಿ, ಇಂದು ಸುಲ್ತಾನ್ ಬಜಾರ್ ಆಸ್ಪತ್ರೆ ಎಂದು ಕರೆಯಲಾಗುವ ಅಂದಿನ ರೆಸಿಡೆನ್ಸಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದಳು ಎಂಬುದನ್ನೂ ಇಲ್ಲಿ ನೆನೆಯಬೇಕು. ಆಯೋಗದ ಗೆರೆಗಳಲ್ಲಿ ಮೂಡದ ಎಷ್ಟೋ ಸಂಗತಿಗಳನ್ನು ರೋಗಿಯ ತಲೆಯ ಬಳಿ ನಿಲ್ಲುವವರೇ ಕಾಣಬೇಕಾಗುತ್ತದೆ.

ಇಲ್ಲಿಂದ ‘ಪ್ರಮಾಣ’ ಎಂಬ ಪದಕ್ಕೆ ಬರಬಹುದು. ಪತ್ರಿಕೆಗಳು ‘ತಾಯಂದಿರ ಮರಣ ಪ್ರಮಾಣ’ ಎಂದು ಬರೆಯುವಾಗ ಪ್ರಮಾಣವೆಂದರೆ ಅಳತೆ. ದರ್ಶನಶಾಸ್ತ್ರದಲ್ಲಿ ಪ್ರಮಾಣವೆಂದರೆ ಸರಿಯಾದ ಜ್ಞಾನ ಅಥವಾ ಅದನ್ನು ತಂದುಕೊಡುವ ಸಾಧನ. ನ್ಯಾಯಸ್ಥಾನದಲ್ಲೂ ದೇವರ ಮುಂದೆಯೂ ಪ್ರಮಾಣವೆಂದರೆ ಆಣೆ, ಹೇಳಿದ್ದಕ್ಕೆ ತಾನು ಹೊಣೆ ಎಂಬ ವಚನ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ ಜಿಲ್ಲೆಯ ಮಳಖೇಡದೊಂದಿಗೆ ಹೆಸರು ಬೆಸೆದುಕೊಂಡಿರುವ ಟೀಕಾಚಾರ್ಯ ಜಯತೀರ್ಥರು, ಮಧ್ವಮತದ ಜ್ಞಾನಮೀಮಾಂಸೆಯನ್ನು ವಿವರಿಸಲು ಬರೆದ ‘ಪ್ರಮಾಣಪದ್ಧತಿ’ಯಲ್ಲಿ ಮಾಡುವ ಒಂದು ಭೇದ ಇಲ್ಲಿ ಬಹಳ ಉಪಯುಕ್ತವಾಗಿದೆ. ವಸ್ತು ಹೇಗಿದೆಯೋ ಹಾಗೆಯೇ ಅದನ್ನು ತಿಳಿಯುವ ಜ್ಞಾನವು ಕೇವಲಪ್ರಮಾಣ. ಆ ಜ್ಞಾನಕ್ಕೆ ಸಾಧನವಾಗುವ ಪ್ರತ್ಯಕ್ಷ, ಅನುಮಾನ, ಆಗಮಗಳು ಅನುಪ್ರಮಾಣ. ಈ ಭೇದವನ್ನು ಆಸ್ಪತ್ರೆಗೆ ಅನ್ವಯಿಸಿದರೆ, ಶೇಕಡಾವಾರು, ಅಂಕ, ದರ್ಜೆ ಎಲ್ಲವೂ ಅನುಪ್ರಮಾಣದ ಕಡೆಗೆ ಬೀಳುತ್ತವೆ, ಮತ್ತು ಈ ತಾಯಿಗೆ ಸಲ್ಲಬೇಕಾದ ಆರೈಕೆ ಸಂದಿತೇ ಎಂಬ ಅರಿವು ಮಾತ್ರ ಕೇವಲಪ್ರಮಾಣವಾಗಿ ಉಳಿಯುತ್ತದೆ. ಸಾಧನವನ್ನೇ ಜ್ಞಾನವೆಂದು ಭ್ರಮಿಸಿದ ದಿನ ಅಳತೆ ಕೆಡುತ್ತದೆ. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ ಆರಂಭಿಸಿದ ಕಾರ್ಯಕ್ರಮಕ್ಕೆ ‘ಲಕ್ಷ್ಯ’ ಎಂಬ ಹೆಸರಿದೆ. ನಿಗದಿಯಾದ ಅಂಕ ಗಳಿಸಿದ ಆಸ್ಪತ್ರೆಗೆ ಅದು ಕೊಡುವುದು ಪ್ರಮಾಣಪತ್ರ. ಲಕ್ಷ್ಯವೆಂದರೆ ಗುರಿ ಎಂಬುದರ ಜೊತೆಗೆ ಗಮನ ಎಂಬ ಅರ್ಥವೂ ಕನ್ನಡದಲ್ಲಿದೆ, ಮತ್ತು ಗುರಿ ಮುಟ್ಟುವ ಆತುರದಲ್ಲಿ ಗಮನ ತಪ್ಪುವ ಸಾಧ್ಯತೆ ಯಾವ ಅಳತೆಯನ್ನೂ ಬಿಟ್ಟದ್ದಲ್ಲ.

ತಾಯಂದಿರ ಮರಣ ಪ್ರಮಾಣವನ್ನೇ ಹತ್ತಿರದಿಂದ ನೋಡಬಹುದು. ಗರ್ಭಿಣಿಯಾಗಿರುವಾಗ ಅಥವಾ ಹೆರಿಗೆಯೋ ಗರ್ಭಪಾತವೋ ಆದ 42 ದಿನಗಳೊಳಗೆ, ಗರ್ಭಕ್ಕೆ ಸಂಬಂಧಿಸಿದ ಅಥವಾ ಗರ್ಭದಿಂದ ಉಲ್ಬಣಿಸಿದ ಕಾರಣದಿಂದ ಸಂಭವಿಸಿದ ಸಾವನ್ನು ತಾಯಿ ಮರಣ ಎನ್ನುತ್ತಾರೆ. ಒಂದು ಲಕ್ಷ ಸಜೀವ ಜನನಗಳಿಗೆ ಇಂಥ ಸಾವುಗಳೆಷ್ಟು ಎಂಬುದೇ ಅದರ ಪ್ರಮಾಣ. ಕೇಂದ್ರದ ಮಾದರಿ ನೋಂದಣಿ ವ್ಯವಸ್ಥೆಯ 2018–20ರ ವರದಿಯಂತೆ ಅದು ದೇಶಕ್ಕೆ 97, ಕರ್ನಾಟಕಕ್ಕೆ 69, ತೆಲಂಗಾಣಕ್ಕೆ 43, ಕೇರಳಕ್ಕೆ 19. ರಾಜ್ಯಗಳ ಮಟ್ಟದಲ್ಲಿ ಇದು ಬೆಲೆಯುಳ್ಳ ತಿಳಿವು. ಕೇರಳಕ್ಕೂ ಕರ್ನಾಟಕಕ್ಕೂ ಇರುವ ಅಂತರ ನಾಚಿಕೆಪಡಬೇಕಾದ ಅಂತರ. ಆದರೆ ಇದೇ ಅಳತೆಗೋಲನ್ನು ಒಂದು ಆಸ್ಪತ್ರೆಗೆ ಹಿಡಿದಾಗ ಗಣಿತವೇ ಎಚ್ಚರಿಕೆ ಹೇಳುತ್ತದೆ. ವರ್ಷಕ್ಕೆ ಐದು ಸಾವಿರ ಹೆರಿಗೆಯಾಗುವ ಆಸ್ಪತ್ರೆಯಲ್ಲಿ, ಲಕ್ಷಕ್ಕೆ 43ರ ಲೆಕ್ಕದಲ್ಲಿ, ನಿರೀಕ್ಷಿಸಬಹುದಾದ ಸಾವುಗಳು ಎರಡು; ಒಂದು ವರ್ಷ ಒಂದಾಗಿ ಮರುವರ್ಷ ನಾಲ್ಕಾದರೆ ಅದು ನಿರ್ಲಕ್ಷ್ಯವೂ ಆಗಿರಬಹುದು, ಬರಿಯ ಆಕಸ್ಮಿಕವೂ ಆಗಿರಬಹುದು, ಅಂಕಿಯಷ್ಟನ್ನೇ ನೋಡಿ ಹೇಳಲು ಬರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಸೊನ್ನೆಯ ಪ್ರಶ್ನೆ. ನಮ್ಮಲ್ಲಿ ಈ ವರ್ಷ ಒಂದೂ ತಾಯಿ ಮರಣವಿಲ್ಲ ಎಂದು ಒಂದು ಆಸ್ಪತ್ರೆ ಸಾರಿದರೆ ಅದು ಜ್ಞಾನವೇ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರನೆಯ ಪ್ರಮಾಣವಾದ ಅನುಪಲಬ್ಧಿ, ಅಂದರೆ ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು, ಒಂದು ಕಟ್ಟುನಿಟ್ಟಿನ ಷರತ್ತಿಗೆ ಒಳಪಟ್ಟಿದೆ: ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಇದ್ದಾಗ ಮಾತ್ರ ಕಾಣದಿರುವುದು ಪ್ರಮಾಣವಾಗುತ್ತದೆ. ಬೆಳಕಿರುವ ಕೋಣೆಯಲ್ಲಿ ಬಿಂದಿಗೆ ಕಾಣದಿದ್ದರೆ ಬಿಂದಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ತಿಳಿದಂತಾಗಲಿಲ್ಲ. ರಕ್ತಸ್ರಾವ ಹಿಡಿತಕ್ಕೆ ಸಿಗದ ಬಾಣಂತಿಯನ್ನು, ರಕ್ತದೊತ್ತಡ ಏರಿ ಫಿಟ್ಸ್ ಬಂದ ಗರ್ಭಿಣಿಯನ್ನು ಆಂಬುಲೆನ್ಸ್ ಹತ್ತಿಸಿ ‘ಮುಂದಕ್ಕೆ ಒಯ್ಯಿರಿ’ ಎಂದು ಕಳುಹಿಸುವ ಆಸ್ಪತ್ರೆಯ ಸೊನ್ನೆ ಕತ್ತಲ ಕೋಣೆಯ ಸೊನ್ನೆ. ಆಕೆ ಗಡಿಯಾಚೆಯ ತಾಲ್ಲೂಕಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದು ಹೈದರಾಬಾದಿನ ದೊಡ್ಡಾಸ್ಪತ್ರೆಯೊಂದರಲ್ಲಿ ತೀರಿಕೊಂಡರೆ, ಬಾಗಿಲು ಮುಚ್ಚದೆ ಒಳಗೆ ಕರೆದುಕೊಂಡ ಆಸ್ಪತ್ರೆಯ ಪುಸ್ತಕದಲ್ಲಿ ಆ ಸಾವು ದಾಖಲಾಗುತ್ತದೆ, ಕಳುಹಿಸಿದ ಆಸ್ಪತ್ರೆಯ ಪುಸ್ತಕ ಹಸನಾಗಿ ಉಳಿಯುತ್ತದೆ. ಅತ್ಯಂತ ಕಷ್ಟದವರನ್ನು ಯಾರು ಸೇರಿಸಿಕೊಳ್ಳುತ್ತಾರೋ ಅವರ ಅಂಕಿಯೇ ಅತ್ಯಂತ ಕೆಟ್ಟದಾಗಿ ಕಾಣುವ ಈ ವಿಪರ್ಯಾಸವನ್ನು ಸರಿಪಡಿಸದ ಪ್ರಕಟಣೆ ಅಜ್ಞಾನಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಒಳ್ಳೆಯವರನ್ನು ದಂಡಿಸಿ ಬಾಗಿಲು ಮುಚ್ಚುವುದನ್ನು ಕಲಿಸುತ್ತದೆ. ನ್ಯೂಯಾರ್ಕ್ ರಾಜ್ಯ 1990ರ ಸುಮಾರಿನಿಂದ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಸಾವುಗಳನ್ನು ಪ್ರಕಟಿಸತೊಡಗಿದಾಗ, ರೋಗಿಯ ಮೊದಲಿನ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದು ತೂಗುವ ಕ್ರಮವಿದ್ದರೂ, ಕಷ್ಟದ ರೋಗಿಗಳಿಂದ ವೈದ್ಯರು ದೂರ ಸರಿದರೇ ಎಂಬ ವಾದ ದಶಕಗಳ ಕಾಲ ನಡೆಯಿತು.

ಫ್ಲಾರೆನ್ಸ್ ನೈಟಿಂಗೇಲಳಂಥವಳೂ ಅಂಕಿಗಳು ದಾರಿ ತಪ್ಪಿಸುವ ಹಳ್ಳಕ್ಕೆ ಒಮ್ಮೆ ಬಿದ್ದಳು. 1863ರ ತನ್ನ ಪುಸ್ತಕದಲ್ಲಿ ಅವಳು ಮುದ್ರಿಸಿದ ಕೋಷ್ಟಕದಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ನೂರಕ್ಕೆ ತೊಂಬತ್ತನ್ನೂ ಮೀರಿತ್ತು. ವರ್ಷವಿಡೀ ಸತ್ತವರ ಸಂಖ್ಯೆಯನ್ನು ಒಂದೇ ಒಂದು ದಿನ ಒಳಗಿದ್ದವರ ಸಂಖ್ಯೆಯಿಂದ ಭಾಗಿಸಿದ್ದೇ ಅದಕ್ಕೆ ಕಾರಣ, ಮತ್ತು ವೈದ್ಯರು ಅದನ್ನು ಕಟುವಾಗಿ ಖಂಡಿಸಿದರು. ಆದರೆ ಅವಳು ಎಣಿಕೆಯನ್ನು ಕೈಬಿಡಲಿಲ್ಲ. ತನ್ನ ಹೆಸರಿನ ನಿಧಿಯಿಂದ ನಡೆಯುತ್ತಿದ್ದ ಸೂಲಗಿತ್ತಿಯರ ತರಬೇತಿ ವಾರ್ಡಿನಲ್ಲೇ ಬಾಣಂತಿ ಜ್ವರದಿಂದ ತಾಯಂದಿರು ಸಾಯುತ್ತಿರುವುದು ತಿಳಿದಾಗ ಆ ವಾರ್ಡನ್ನು ಮುಚ್ಚಿಸಲಾಯಿತು, ಮತ್ತು 1871ರಲ್ಲಿ ಅವಳು ಹೆರಿಗೆ ಆಸ್ಪತ್ರೆಗಳ ಸಾವುಗಳನ್ನು ಮನೆಯ ಹೆರಿಗೆಗಳೊಂದಿಗೆ ಹೋಲಿಸಿ, ಅಂದಿನ ಆಸ್ಪತ್ರೆಗಳೇ ಹೆಚ್ಚು ಅಪಾಯಕಾರಿ ಎಂದು ಬರೆದಳು. ತನ್ನದೇ ಸಂಸ್ಥೆಗೆ ವಿರುದ್ಧವಾದ ಅಂಕಿಯನ್ನು ಒಪ್ಪಿಕೊಂಡು ಹೊರಗೆ ಹೇಳಿದ್ದರಿಂದ ಆ ಎಣಿಕೆಗೆ ಆಣೆಯ ತೂಕ ಬಂದಿತು.

ಸಾವಿನ ಲೆಕ್ಕ ಒಂದನ್ನೇ ಹಿಡಿದರೆ ಆರೈಕೆಯ ಉಳಿದ ಮುಖಗಳು ಮರೆಯಾಗುತ್ತವೆ ಎಂಬುದನ್ನು ತೆಲಂಗಾಣವೇ ತೋರಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಅಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಅದು ಹೆಮ್ಮೆಯ ಅಂಕಿ. ಅದೇ ಸಮೀಕ್ಷೆಯಂತೆ ನೂರಕ್ಕೆ 60.7 ಹೆರಿಗೆಗಳು ಸಿಸೇರಿಯನ್ ಶಸ್ತ್ರಚಿಕಿತ್ಸೆಯಿಂದ, ಖಾಸಗಿ ಆಸ್ಪತ್ರೆಗಳಲ್ಲಿ 81.5, ಸರ್ಕಾರಿ ಆಸ್ಪತ್ರೆಗಳಲ್ಲೂ 44.5. ಕರ್ನಾಟಕದಲ್ಲಿ ಇದು 31.5, ದೇಶದಲ್ಲಿ 21.5. ಒಂದು ಜನಸಮುದಾಯದಲ್ಲಿ ಸಿಸೇರಿಯನ್ ನೂರಕ್ಕೆ ಹತ್ತನ್ನು ಮೀರಿದ ಮೇಲೆ ತಾಯಿ ಮಕ್ಕಳ ಸಾವು ಅದರಿಂದ ಇಳಿಯುವುದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ತೆಲಂಗಾಣದಲ್ಲಿ ಸಿಸೇರಿಯನ್ ಇಷ್ಟು ಹೆಚ್ಚಿರುವುದಕ್ಕೆ ವೈದ್ಯರ ಅವಸರ, ಹಣ, ನೋವಿನ ಭಯ ಎಲ್ಲವೂ ಕಾರಣವಾಗಿರಬಹುದು. ಧರ್ಮದ ಹೆಸರಿನ ಕಾರಣವೊಂದೂ ಇದೆ. ಪಂಚಾಂಗ ನೋಡಿ, ಮಗು ಇಂಥ ನಕ್ಷತ್ರದಲ್ಲಿ ಇಷ್ಟು ಗಂಟೆಗೇ ಹುಟ್ಟಬೇಕೆಂದು ಮುಹೂರ್ತ ಇಡಿಸಿ ಶಸ್ತ್ರಚಿಕಿತ್ಸೆ ಬೇಡುವ ಕುಟುಂಬಗಳ ಬಗ್ಗೆ ಅಲ್ಲಿನ ವೈದ್ಯರೂ ಅಧಿಕಾರಿಗಳೂ ಬಹಿರಂಗವಾಗಿ ಮಾತಾಡಿದ್ದಾರೆ. ಜಾತಕವೆಂಬುದು ಹುಟ್ಟಿದ ಗಳಿಗೆಯನ್ನು ಓದುವ ಶಾಸ್ತ್ರವೆಂದು ಒಪ್ಪುವವರಿಗೂ, ಗಳಿಗೆಯನ್ನೇ ಕತ್ತರಿಸಿ ತಂದರೆ ಓದುವುದಕ್ಕೆ ಉಳಿಯುವುದೇನು ಎಂಬ ಪ್ರಶ್ನೆ ಏಳಬೇಕು. ತಾಯಿಯ ಹೊಟ್ಟೆಯ ಮೇಲೆ ಬಿದ್ದ ಅನಗತ್ಯ ಗಾಯ ಯಾವ ಶ್ರದ್ಧೆಯಿಂದಲೂ ಶುಭವಾಗುವುದಿಲ್ಲ.

ಹಾಗಾದರೆ ನೋವಿನ ಅಳತೆ ಎಲ್ಲಿಂದ ಬರಬೇಕು? ಮಧ್ವಮತ ಇದಕ್ಕೆ ಕೊಡುವ ಉತ್ತರ ನೇರವಾಗಿದೆ. ಸುಖದುಃಖಗಳನ್ನು ತಿಳಿಯುವುದು ಹೊರಗಿನ ಇಂದ್ರಿಯವಲ್ಲ, ಜೀವದ ಸ್ವರೂಪವೇ ಆಗಿರುವ ಸಾಕ್ಷಿ. ತನಗೆ ನೋವಾಗಿದೆ ಎಂಬ ಅರಿವಿನಲ್ಲಿ ಸಾಕ್ಷಿ ತಪ್ಪುವುದಿಲ್ಲ, ಮತ್ತು ಬೇರೆ ಜ್ಞಾನಗಳ ನಿಜವನ್ನು ಕೊನೆಗೆ ನಿಶ್ಚಯಿಸುವುದೂ ಅದೇ. ಈ ಸಿದ್ಧಾಂತದ ಮೋಕ್ಷಶಾಸ್ತ್ರವನ್ನು ಒಪ್ಪದವರೂ ಇಷ್ಟನ್ನು ಒಪ್ಪಬಹುದು: ಹೆರಿಗೆ ಕೋಣೆಯಲ್ಲಿ ತನ್ನನ್ನು ಗದರಿಸಲಾಯಿತೇ, ಜೊತೆಗೆ ತಾಯಿಯೋ ಅಕ್ಕನೋ ನಿಲ್ಲಲು ಬಿಟ್ಟರೇ, ಹೊಲಿಗೆ ಹಾಕುವಾಗ ನೋವು ತಡೆಯುವ ಮದ್ದು ಕೊಟ್ಟರೇ, ಏನು ಮಾಡುತ್ತಿದ್ದಾರೆಂದು ಹೇಳಿದರೇ ಎಂಬುದಕ್ಕೆ ಆಕೆಯ ಹೊರತು ಬೇರೆ ಸಾಕ್ಷಿಯಿಲ್ಲ. ಕೇಸ್ ಶೀಟಿನಲ್ಲಿ ಅದು ಇರುವುದಿಲ್ಲ, ತಪಾಸಣೆಗೆ ಬಂದವರ ಕಣ್ಣಿಗೂ ಆ ದಿನ ಬೀಳುವುದಿಲ್ಲ. ರೋಗಿಯ ಮಾತು ಅಶಿಕ್ಷಿತರ ಮಾತು, ಅದನ್ನು ಹೇಗೆ ನಂಬುವುದು ಎಂಬ ಆಕ್ಷೇಪಕ್ಕೆ ನ್ಯಾಯದರ್ಶನದ ಭಾಷ್ಯಕಾರ ವಾತ್ಸ್ಯಾಯನ ಸಾವಿರದೈನೂರು ವರ್ಷಗಳಷ್ಟು ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ಶಬ್ದವನ್ನು ಪ್ರಮಾಣವಾಗಿಸುವವನು ಆಪ್ತ. ಸಂಗತಿಯನ್ನು ನೇರವಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೇ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಕುಲವಾಗಲಿ ಓದಾಗಲಿ ಆಪ್ತತೆಯ ಷರತ್ತಲ್ಲ. ತನ್ನ ಹೆರಿಗೆಯ ವಿಷಯದಲ್ಲಿ ಕೂಲಿಯ ಹೆಂಗಸೇ ಆಪ್ತಳು.

ಈ ತತ್ತ್ವವನ್ನು ಕರ್ನಾಟಕ ಒಮ್ಮೆ ಆಚರಣೆಗೆ ತಂದು ತೋರಿಸಿದೆ. ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲಿ ನಗರದ ಸಾರ್ವಜನಿಕ ಸೇವೆಗಳಿಗೆ ನಾಗರಿಕರಿಂದಲೇ ಅಂಕ ಹಾಕಿಸಿ, ಶಾಲೆಯ ಮಕ್ಕಳ ಅಂಕಪಟ್ಟಿಯಂತೆ ಅದನ್ನು ಪತ್ರಿಕೆಗಳ ಮೂಲಕ ಪ್ರಕಟಿಸಿತು. 1999ರಲ್ಲೂ 2003ರಲ್ಲೂ ಅದೇ ಕೆಲಸವನ್ನು ಮತ್ತೆ ಮಾಡಿತು. ಇದರ ನಡುವೆ ಮಹಾನಗರ ಪಾಲಿಕೆಯ ಹೆರಿಗೆ ಆಸ್ಪತ್ರೆಗಳಿಗೆ ಬಂದ ಬಡ ತಾಯಂದಿರನ್ನು ಕೇಳಿದಾಗ ಹೊರಬಂದ ಸಂಗತಿಗಳಲ್ಲಿ ಒಂದನ್ನು ಮರೆಯುವುದು ಕಷ್ಟ: ಹೆತ್ತ ಮಗುವಿನ ಮುಖ ನೋಡುವುದಕ್ಕೂ ಕೈಬಿಸಿ ಮಾಡಬೇಕಾಗಿತ್ತು. ಆ ಆಸ್ಪತ್ರೆಗಳ ಹೆರಿಗೆ ಸಂಖ್ಯೆ, ಹಾಸಿಗೆ ಸಂಖ್ಯೆ, ಸಿಬ್ಬಂದಿ ಸಂಖ್ಯೆ ಎಲ್ಲವೂ ಕಡತಗಳಲ್ಲಿ ಮೊದಲಿನಿಂದ ಇದ್ದವು. ಈ ಒಂದು ಸಂಗತಿ ಮಾತ್ರ ಯಾವ ಕಡತದಲ್ಲೂ ಇರಲಿಲ್ಲ, ಕೇಳಿದ ದಿನ ಅದು ಲೋಕಕ್ಕೆ ತಿಳಿಯಿತು. ಸಾಕ್ಷಿಯನ್ನು ಕರೆಯದ ಅಳತೆ ಎಷ್ಟು ಕುರುಡು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಧಾರ್ಮಿಕರಿಂದ ಬರುವ ಆಕ್ಷೇಪವೊಂದು ಉಳಿದಿದೆ, ಮತ್ತು ಅದು ಗೌರವಕ್ಕೆ ಅರ್ಹವಾದದ್ದು. ಔಷಧದಾನವನ್ನು ಆಹಾರ, ಅಭಯ, ಶಾಸ್ತ್ರದಾನಗಳ ಜೊತೆಗಿಟ್ಟು ಕನ್ನಡ ಶಾಸನಗಳು ದಾನಿಗಳನ್ನು ಹೊಗಳಿವೆ. ಸೇವೆಯನ್ನು ದಾಸೋಹವೆಂದು ಶರಣರು ಕರೆದರು. ಎಣಿಸಿ ಸಾರಿದರೆ ಸೇವೆಯಲ್ಲಿ ಅಹಂಕಾರ ಸೇರಿ ಅದು ಕೆಡುವುದಿಲ್ಲವೇ ಎಂದು ಆಕ್ಷೇಪಿಸುವವರು ಕೇಳುತ್ತಾರೆ. ಆದರೆ ಭಕ್ತಿಗೆ ಅಳತೆಯೇ ಸಲ್ಲದು ಎಂಬ ಮಾತನ್ನು ಶರಣಪರಂಪರೆಯೇ ಒಪ್ಪುವುದಿಲ್ಲ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅಳತೆ ಮೀರಿದ್ದನ್ನು ಕಂಡು, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಅವಳು ಅಳೆದದ್ದು ನೆರೆಯವರ ಅಕ್ಕಿಯನ್ನಲ್ಲ, ತಮ್ಮ ಮನೆಯ ಅಕ್ಕಿಯನ್ನು. ಅಳತೆಯನ್ನು ಹೊಗಳಿಕೆಗಾಗಿ ಹಿಡಿಯಲಿಲ್ಲ, ತಪ್ಪನ್ನು ತಿದ್ದುವುದಕ್ಕಾಗಿ ಹಿಡಿದಳು. ಕಾಯಕದೊಳಗೇ ಅಳತೆಯಿತ್ತು, ಮತ್ತು ಅದನ್ನು ಕಾಯುವ ಹಕ್ಕು ಮನೆಯ ಹೆಂಗಸಿಗಿತ್ತು. ಆಸ್ಪತ್ರೆ ತನ್ನನ್ನು ತಾನು ಅಳೆದುಕೊಂಡು ತಪ್ಪನ್ನು ಬಾಯಿಬಿಟ್ಟು ಹೇಳುವುದು ಈ ಪರಂಪರೆಗೆ ಸೇರಿದ ನಡೆ. ಬಹುಮಾನಕ್ಕಾಗಿ ಅಂಕ ಗಳಿಸಿ ಫಲಕ ತೂಗುಹಾಕುವುದಷ್ಟೇ ಆದರೆ ಆಕ್ಷೇಪ ಸರಿಯಾದದ್ದೇ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ನಡೆದದ್ದು ಈ ಎಲ್ಲ ಮಾತುಗಳನ್ನು ನೆಲಕ್ಕೆ ತರುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಹಲವರ ಸ್ಥಿತಿ ಬಿಗಡಾಯಿಸಿ ಐವರು ತೀರಿಕೊಂಡರು, ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಬಿತ್ತು, ರಾಜ್ಯವೇ ನಡುಗಿತು. ಆ ಬಳಿಕ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ತಾಯಿ ಮರಣಗಳನ್ನು ಒಂದೊಂದಾಗಿ ಪರಿಶೀಲಿಸಲು ಹೊರಟು, 464 ಸಾವುಗಳ ವಿಚಾರಣೆಯ ಫಲವನ್ನು ಬಹಿರಂಗಪಡಿಸಿತು. ಅವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂದು ಅದು ಒಪ್ಪಿಕೊಂಡಿತು. ರಾಜ್ಯದ ಮರಣ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂಬ ಸಮಾಧಾನದ ಅಂಕಿಯೊಳಗೆ ಈ ಒಪ್ಪಿಗೆ ಅಡಗಿಯೇ ಇತ್ತು. ಒಬ್ಬೊಬ್ಬಳ ಸಾವಿನ ಕತೆಯನ್ನು ಬಿಡಿಸಿ ಕೇಳಿದ ಮೇಲೆ ಅದು ಹೊರಬಂದಿತು. ತಡೆಯಬಹುದಿತ್ತು ಎಂದು ಒಂದು ಸರ್ಕಾರ ಬಾಯಿಬಿಟ್ಟು ಹೇಳುವುದು ಅಳತೆ ಆಣೆಯಾಗುವ ಮೊದಲ ಹೆಜ್ಜೆ. ಆದರೆ ಆಣೆಗೆ ಕಟ್ಟುಬೀಳುವವರು ಯಾರು ಎಂಬುದು ಮುಖ್ಯ. ರಾತ್ರಿ ಪಾಳಿಯ ನರ್ಸೊಬ್ಬಳನ್ನು ಅಮಾನತು ಮಾಡಿ ಕೈತೊಳೆದುಕೊಳ್ಳುವ ಸಮಾಜದಲ್ಲಿ ಮುಂದಿನ ಸಾವನ್ನು ಯಾರೂ ನಿಜವಾಗಿ ಬರೆಯುವುದಿಲ್ಲ; ರಕ್ತನಿಧಿ, ಔಷಧ ಖರೀದಿ, ಖಾಲಿ ಹುದ್ದೆ, ಕೆಟ್ಟ ರಸ್ತೆಗಳಿಗೆ ಹೊಣೆಯಾದವರು ಆ ಪ್ರಮಾಣದ ಅಡಿಯಲ್ಲಿ ತಮ್ಮ ಹೆಸರು ಹಾಕುವವರೆಗೆ ಅದು ಬಡವರ ಮೇಲೆ ಹೊರಿಸಿದ ಲೆಕ್ಕವಾಗಿಯೇ ಉಳಿಯುತ್ತದೆ.

ಆದ್ದರಿಂದ ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳಬೇಕು. ಬೀದರ್, ಯಾದಗಿರಿ, ಕಲಬುರಗಿ, ರಾಯಚೂರುಗಳ ಆಸ್ಪತ್ರೆಗಳು ತಮ್ಮಲ್ಲಿ ಆದ ಸಾವುಗಳ ಜೊತೆಗೆ, ತಾವು ಮುಂದಕ್ಕೆ ಕಳುಹಿಸಿದ ತಾಯಂದಿರಿಗೆ ಕೊನೆಗೆ ಏನಾಯಿತು ಎಂಬುದನ್ನೂ ಪ್ರಕಟಿಸಲಿ. ಹೈದರಾಬಾದಿನ ಆಸ್ಪತ್ರೆಗಳು ಹಾಗೆ ಬಂದವರನ್ನು ಬೇರೆ ಸಾಲಿನಲ್ಲಿ ತೋರಿಸಲಿ, ಅವರನ್ನು ಸೇರಿಸಿಕೊಂಡದ್ದಕ್ಕೆ ಅಂಕ ಕಳೆಯದಿರಲಿ. ಅಂಕಿಗಳ ಪಕ್ಕದಲ್ಲಿ ತಾಯಂದಿರ ಮಾತಿಗೂ ಜಾಗವಿರಲಿ. ಸುಲ್ತಾನ್ ಬಜಾರ್ ಆಸ್ಪತ್ರೆಯ ಬಾಗಿಲಲ್ಲಿ ಆ ಪ್ರಕಟಣೆ ತೆಲುಗು, ಉರ್ದುಗಳ ಜೊತೆಗೆ ಗಡಿಯಿಂದ ಬಂದವರಿಗಾಗಿ ಕನ್ನಡದಲ್ಲೂ ಇರಲಿ, ಓದಲು ಬಾರದವರಿಗೆ ಒಬ್ಬರು ಓದಿ ಹೇಳಲಿ. ಗಡಿ ದಾಟಿ ಬಂದು ತೀರಿಕೊಂಡ ಪ್ರತಿಯೊಬ್ಬ ಬಾಣಂತಿಯ ಸಾವನ್ನು ಕರ್ನಾಟಕವೂ ತೆಲಂಗಾಣವೂ ಒಂದೇ ಮೇಜಿನ ಸುತ್ತ ಕುಳಿತು, ಆಕೆಯ ಮನೆಯವರನ್ನೂ ಕೂರಿಸಿಕೊಂಡು, ವಿಚಾರಿಸಲಿ.